ಜೀಪಿನ ಬೆಂಚ್ ತೆಗೆದು ಬಕೆಟ್ ಸೀಟ್ ಹಾಕಿಸುವವರಿಗೆ

ನಮ್ಮ ಮಲೆನಾಡಿನ ಕಡೆ ಇನ್ನೂ ಓಡುತ್ತಿರುವ ಹಳೆ ಮಹೀಂದ್ರ ಜೀಪುಗಳಲ್ಲಿ ಡ್ರೈವರ್ ಪಕ್ಕ ಇರುವುದು ಇಬ್ಬರು ಕೂರುವ ಬೆಂಚು. ಒಂದು ಚಪ್ಪಟೆ ಕುಶನ್, ಬೆನ್ನಿನ ಅರ್ಧಕ್ಕೆ ಬರುವ ಒರಗು, ಅಷ್ಟೇ. ತಲೆಗೆ ಆಸರೆ ಇಲ್ಲ, ಪಕ್ಕಕ್ಕೆ ಹಿಡಿತ ಇಲ್ಲ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಕೂತವರು ಒಮ್ಮೆ ಬಾಗಿಲ ಕಡೆ ಜಾರುತ್ತಾರೆ, ಒಮ್ಮೆ ಗೇರ್ ಲಿವರ್ ಮೇಲೆ ಬರುತ್ತಾರೆ. ಡ್ರೈವರ್ ಸೀಟೂ ಹೆಚ್ಚುಕಮ್ಮಿ ಅದೇ ಜಾತಿ. ತಿರುವಿನಲ್ಲಿ ಮೈ ನಿಲ್ಲಬೇಕಾದರೆ ಸ್ಟೀರಿಂಗನ್ನೇ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಹಾಗೆ ಹಿಡಿದ ಕೈಯಿಂದ ನಿಖರವಾಗಿ ಗಾಡಿ ತಿರುಗಿಸುವುದು ಕಷ್ಟ.

ಬಕೆಟ್ ಸೀಟ್, ಅಂದರೆ ಒಬ್ಬರೇ ಕೂರುವ, ಎರಡೂ ಪಕ್ಕ ದಿಂಬು ಎದ್ದಿರುವ ಸೀಟ್ ಹಾಕಿದರೆ ಈ ತೊಂದರೆ ನಿಜವಾಗಿಯೂ ಕಡಿಮೆಯಾಗುತ್ತದೆ. ಸೊಂಟ ಒಂದು ಕಡೆ ಕೂರುತ್ತದೆ, ತೋಳು ಸಡಿಲವಾಗುತ್ತದೆ, ದಿನವಿಡೀ ಮಣ್ಣುರಸ್ತೆಯಲ್ಲಿ ಓಡಿಸಿದ ಮೇಲೂ ಬೆನ್ನು ಅಷ್ಟಾಗಿ ನೋಯುವುದಿಲ್ಲ. ಆದರೆ ಹೆಚ್ಚಿನವರು ಸೀಟಿನ ಅಂದ ನೋಡಿ ದುಡ್ಡು ಹಾಕುತ್ತಾರೆ, ಅದು ಕೂರುವ ತಗಡಿನ ಬಗ್ಗೆ ಯೋಚಿಸುವುದೇ ಇಲ್ಲ. ನನ್ನ ಮಾತು ಇಷ್ಟೇ: ಮೊದಲು ಫ್ಲೋರ್, ಆಮೇಲೆ ಬೆಲ್ಟ್, ಕೊನೆಗೆ ಸೀಟ್. ದುಡ್ಡು ಕಡಿಮೆ ಬಿದ್ದರೆ ಸೀಟಿನಲ್ಲಿ ಉಳಿಸಿ, ಕೆಳಗಿನದರಲ್ಲಿ ಬೇಡ.

ಶುರು ಮಾಡುವ ಮೊದಲು

ನಿಮ್ಮ ಜೀಪು ದಿನಾ ಏನು ಕೆಲಸ ಮಾಡುತ್ತದೆ ಅಂತ ನೋಡಿ. ತೋಟಕ್ಕೆ ಆಳುಗಳನ್ನು ಕರೆದುಕೊಂಡು ಹೋಗಿ ಬರುವ ಜೀಪಾದರೆ, ಮುಂದೆ ಮೂರು ಜನ ಕೂರುವುದು ನಿಮಗೆ ಬೇಕೇ ಬೇಕು ಅಂತಾದರೆ, ಬೆಂಚನ್ನು ಹಾಗೇ ಬಿಡಿ. ಅದರ ಫೋಮ್ ಬದಲಿಸಿ, ಡ್ರೈವರ್ ಸೀಟ್ ಒಂದನ್ನು ಸರಿ ಮಾಡಿಸಿಕೊಳ್ಳಿ. ಬೆಂಚಿನ ಜಾಗದಲ್ಲಿ ಒಂದು ಬಕೆಟ್ ಸೀಟ್ ಬಂದರೆ ಒಬ್ಬರ ಜಾಗ ಹೋಯಿತು ಅಂತಲೇ ಲೆಕ್ಕ. ನಡುವೆ ಉಳಿಯುವ ಸಂದಿಯಲ್ಲಿ ಯಾರನ್ನೂ ಕೂರಿಸುವ ಹಾಗಿಲ್ಲ.

ಎರಡನೆಯದು ಕಾಗದ. ಆರ್‌ಸಿಯಲ್ಲಿ ಆಸನಗಳ ಸಂಖ್ಯೆ ಬರೆದಿರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಮಾಲೀಕರು ತಾವೇ ಬದಲಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಸೀಟು ಕಡಿಮೆ ಮಾಡುವುದಕ್ಕೂ ಕೇಳಬೇಕಾ ಅಂತ ಅನ್ನಿಸುತ್ತದೆ, ಅಲ್ವಾ? ಸಂಖ್ಯೆ ಬದಲಾದರೆ ಕೇಳಲೇಬೇಕು. ಕೆಎ-14 ಗಾಡಿಯಾದರೆ ಶಿವಮೊಗ್ಗದಲ್ಲಿ, ಕೆಎ-15 ಆದರೆ ಸಾಗರದಲ್ಲಿ, ಆರ್‌ಟಿಒ ಕಚೇರಿಗೆ ಮೊದಲೇ ಅರ್ಜಿ ಕೊಟ್ಟು ಬರವಣಿಗೆಯಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ವಿಮೆ ಕಂಪನಿಗೂ ಒಂದು ಪತ್ರ ಹಾಕಿ. ಅಪಘಾತವಾದ ಮೇಲೆ ಕ್ಲೈಮ್ ನಿಲ್ಲುವುದು ಇಂಥ ಕಡೆಯೇ. ಕೊಡಚಾದ್ರಿ ಬಾಡಿಗೆಗೆ ಓಡುವ ಹಳದಿ ಬೋರ್ಡಿನ ಜೀಪಿಗಂತೂ ಪರ್ಮಿಟ್, ತೆರಿಗೆ ಎಲ್ಲದರಲ್ಲೂ ಸೀಟಿನ ಲೆಕ್ಕ ಬರುತ್ತದೆ. ಅವರು ಒಪ್ಪಿಗೆ ಇಲ್ಲದೆ ಸ್ಪಾನರ್ ಮುಟ್ಟದಿರುವುದು ಒಳ್ಳೆಯದು.

ಕೆಲಸಕ್ಕೆ ಒಳ್ಳೆ ಕಾಲ ಮಾರ್ಚ್, ಏಪ್ರಿಲ್. ಅಡಿಕೆ ಕೊಯ್ಲು ಮುಗಿದಿರುತ್ತದೆ, ಜೀಪು ಕೆಲವು ದಿನ ನಿಂತರೂ ನಡೆಯುತ್ತದೆ. ಮುಖ್ಯ ಅಂದರೆ ತಗಡು ಒಣಗಿರುತ್ತದೆ, ಪೇಂಟ್ ಹಿಡಿಯುತ್ತದೆ. ಜೂನ್ ಮಳೆ ಹಿಡಿದ ಮೇಲೆ ಫ್ಲೋರ್ ಕೆಲಸ ಮಾಡಿಸಿದರೆ ಪ್ರೈಮರ್ ಕೆಳಗೇ ತುಕ್ಕು ಕೂರುತ್ತದೆ.

ಎಂಥ ಸೀಟ್

ಬಕೆಟ್ ಸೀಟ್ ಅಂದ ತಕ್ಷಣ ರೇಸ್ ಕಾರಿನ ಗಟ್ಟಿ ಚಿಪ್ಪಿನ ಸೀಟ್ ಕಣ್ಣಿಗೆ ಬರಬಹುದು. ಮಲೆನಾಡಿನ ಜೀಪಿಗೆ ಅದು ಸಲ್ಲದು. ತೋಟದ ದಾರಿಯಲ್ಲಿ ಮತ್ತೆ ಮತ್ತೆ ಇಳಿಯಬೇಕು. ದಾರಿಗೆ ಅಡ್ಡ ಇಟ್ಟ ಉಣುಗೋಲು ಸರಿಸಿ, ಗಾಡಿ ದಾಟಿಸಿ, ಮತ್ತೆ ಇಳಿದು ಮುಚ್ಚಬೇಕು. ತೊಡೆಯ ಪಕ್ಕ ಎತ್ತರದ ದಿಂಬು ಇದ್ದರೆ ಪ್ರತಿ ಸಲವೂ ಅದರ ಮೇಲೆ ಹತ್ತಿ ಇಳಿಯಬೇಕು. ಕಾಲಿಗೂ ಕಷ್ಟ, ಸೀಟಿನ ಅಂಚೂ ಬೇಗ ಹರಿಯುತ್ತದೆ. ಒರಗು ಹಿಂದಕ್ಕೆ ಬಾಗುವ, ತಲೆಗೆ ಆಸರೆ ಇರುವ, ತೊಡೆಯ ದಿಂಬು ತಗ್ಗಾಗಿದ್ದು ಬೆನ್ನಿನ ಪಕ್ಕದ ದಿಂಬು ಚೆನ್ನಾಗಿರುವ ಮಾಮೂಲಿ ಕಾರಿನ ಸೀಟೇ ಸಾಕು.

ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ವಿಚಾರಿಸಿದರೆ, ಗುಜರಿಯವರ ಹತ್ತಿರ ಕೇಳಿದರೆ, ಸಣ್ಣ ಕಾರಿನ ಸೀಟುಗಳು ಸಿಗುತ್ತವೆ. ನೋಡಬೇಕಾದ್ದು ಬಟ್ಟೆಯನ್ನಲ್ಲ, ಕೆಳಗಿನ ಕಬ್ಬಿಣವನ್ನು. ಸೀಟ್ ಮಗುಚಿ ಹಾಕಿ. ಸೀಟನ್ನು ಹಿಂದೆ ಮುಂದೆ ಸರಿಸುವ ಸ್ಲೈಡರ್ ಹಳಿ ನೇರವಾಗಿದೆಯೇ, ಎರಡೂ ಕಡೆ ಲಾಕ್ ಬೀಳುತ್ತದೆಯೇ, ಒರಗಿನ ಕೀಲಿನಲ್ಲಿ ಆಟ ಇದೆಯೇ ನೋಡಿ. ಒಂದೇ ಕಡೆ ಲಾಕ್ ಬೀಳುವ ಸೀಟ್ ಬೇಡ. ಹಳಿಯ ಬುಡದಲ್ಲಿ ಹೊಸ ವೆಲ್ಡಿಂಗ್ ಕಂಡರೆ, ಫ್ರೇಮ್ ಒಂದು ಕಡೆ ತಿರುಚಿದ್ದರೆ, ಅದು ಅಪಘಾತದ ಗಾಡಿಯಿಂದ ಬಂದದ್ದು ಅಂತಲೇ ತಿಳಿಯಿರಿ, ಬಿಟ್ಟುಬಿಡಿ. ಪಕ್ಕದಲ್ಲಿ ಏರ್‌ಬ್ಯಾಗ್ ಇರುವ ಹೊಸ ಕಾರಿನ ಸೀಟನ್ನೂ ಮುಟ್ಟಬೇಡಿ. ಕೆಳಗೆ ಹಳದಿ ಬಣ್ಣದ ವೈರ್ ಸಾಕೆಟ್ ಇದ್ದರೆ ಅದೇ ಗುರುತು.

ಅಗಲ ಮೊದಲೇ ಅಳೆದುಕೊಳ್ಳಿ. ಹೆಚ್ಚಿನ ಕಾರ್ ಸೀಟುಗಳು 48ರಿಂದ 52 ಸೆಂ.ಮೀ. ಅಗಲ ಇರುತ್ತವೆ. ಒಂದು ಕಡೆ ಬಾಡಿಯ ಅಂಚು, ಇನ್ನೊಂದು ಕಡೆ ಗೇರ್ ಮತ್ತು ಫೋರ್ ವೀಲ್ ಲಿವರ್. ಕೆಲವು ಹಳೆ ಜೀಪುಗಳಲ್ಲಿ ಫೋರ್ ವೀಲಿಗೆ ಒಂದು, ಹೈ-ಲೋಗೆ ಒಂದು ಅಂತ ಎರಡು ಲಿವರ್ ಇರುತ್ತವೆ. ಪ್ರತಿ ಲಿವರನ್ನೂ ಎಲ್ಲ ಸ್ಥಾನಕ್ಕೂ ಎಳೆದು, ಅತಿ ಹತ್ತಿರ ಬರುವ ಜಾಗದಲ್ಲಿ ಚಾಕ್‌ಪೀಸಿನಿಂದ ಗೆರೆ ಹಾಕಿ. ಸೀಟಿನ ಅಂಚು ಆ ಗೆರೆಯಿಂದ ನಾಲ್ಕು ಬೆರಳಾದರೂ ದೂರ ಇರಲಿ. ಕೆಸರಿನಲ್ಲಿ ಸಿಕ್ಕಿಕೊಂಡಾಗ ಲೋ ಹಾಕಲು ಹೋಗಿ ಲಿವರ್ ಕುಶನ್‌ಗೆ ತಾಗಿದರೆ ಗೇರ್ ಅರ್ಧಕ್ಕೇ ನಿಲ್ಲುತ್ತದೆ.

ಬೆಂಚ್ ಬಿಚ್ಚುವುದು, ಫ್ಲೋರ್ ನೋಡುವುದು

ಬೆಂಚ್ ತೆಗೆಯುವ ಮೊದಲು ಅದರ ಮೇಲೆ ನೀವೇ ಕೂತು, ಇನ್ನೊಬ್ಬರ ಕೈಯಲ್ಲಿ ಎರಡು ಅಳತೆ ತೆಗೆಸಿ. ಮೊಣಕಾಲಿನ ಹಿಂದೆ ಫ್ಲೋರಿನಿಂದ ತೊಡೆಯವರೆಗೆ ಒಂದು, ನೆತ್ತಿಯಿಂದ ಮೇಲಿನ ಪೈಪಿನವರೆಗೆ ಇನ್ನೊಂದು. ಡ್ರೈವರ್ ಸೀಟೂ ಬದಲಿಸುವುದಾದರೆ ಅಲ್ಲೂ ಇದೇ ಅಳತೆ ಬೇಕು. ಖಾಲಿ ಸೀಟಿನ ಅಳತೆ ಪ್ರಯೋಜನಕ್ಕೆ ಬರುವುದಿಲ್ಲ. ಕೂತಾಗ ಫೋಮ್ ಎಷ್ಟು ಕುಸಿಯುತ್ತದೆ ಅನ್ನುವುದು ಒಂದೊಂದು ಸೀಟಿನಲ್ಲಿ ಒಂದೊಂದು ಥರ.

ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ಹಳೆ ಬೋಲ್ಟುಗಳು ತುಕ್ಕಿನಿಂದ ಕಚ್ಚಿಕೊಂಡಿರುತ್ತವೆ. ಕೆಳಗಿನಿಂದ ತಂತಿ ಬ್ರಷ್ ಹಾಕಿ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿ ಬಿಡಿ. ಬೆಳಿಗ್ಗೆ ರಿಂಗ್ ಸ್ಪಾನರ್ ಹಾಕಿ, ಮೊದಲು ಸ್ವಲ್ಪ ಬಿಗಿ ಮಾಡಿ ಆಮೇಲೆ ಸಡಿಲಿಸಿದರೆ ಬರುತ್ತವೆ. ಬಾರದ್ದನ್ನು ಗ್ರೈಂಡರಿನಿಂದ ಕತ್ತರಿಸಬೇಕು. ಅದಕ್ಕೆ ಮೊದಲು ಕೆಳಗೆ ಏನಿದೆ ನೋಡಿ. ಸಿಜೆ-3ಬಿ ಥರದ ಹಳೆ ಜೀಪುಗಳಲ್ಲಿ ಇಂಧನ ಟ್ಯಾಂಕ್ ಡ್ರೈವರ್ ಸೀಟಿನ ಕೆಳಗೇ ಇರುತ್ತದೆ. ಕಿಡಿ ಹಾರುವ ಯಾವ ಕೆಲಸವಾದರೂ ಟ್ಯಾಂಕ್ ಇಳಿಸಿ ದೂರ ಇಟ್ಟ ಮೇಲೆಯೇ. ಟ್ಯಾಂಕ್ ಖಾಲಿ ಇದೆ, ಪರವಾಗಿಲ್ಲ ಅನ್ನಬೇಡಿ. ಖಾಲಿ ಟ್ಯಾಂಕಿನೊಳಗಿನ ಆವಿ ಇನ್ನೂ ಅಪಾಯ. ಬ್ರೇಕ್ ಪೈಪ್, ವೈರಿಂಗ್ ಎಲ್ಲಿ ಹಾದುಹೋಗಿವೆ ಅಂತ ಕೆಳಗೆ ಮಲಗಿ ನೋಡಿ, ಪೆನ್ನಿನಲ್ಲಿ ಒಂದು ನಕ್ಷೆ ಬರೆದುಕೊಳ್ಳಿ.

ಬೆಂಚ್ ಹೊರಗೆ ಬಂದ ಮೇಲೆ ಕಾಣುವುದು ನಿಜವಾದ ಜೀಪು. ಮ್ಯಾಟ್ ಎತ್ತಿ. ಆಗುಂಬೆ, ಹುಲಿಕಲ್ ಸುತ್ತಿನ ಮಳೆಯಲ್ಲಿ ಓಡಿದ ಜೀಪಿನ ಮ್ಯಾಟಿನ ಕೆಳಗೆ ಬೇಸಿಗೆಯಲ್ಲೂ ತೇವ ಇರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಮೀರಿ ಮಳೆ ಬೀಳುತ್ತದೆ. ಕ್ಯಾನ್ವಾಸ್ ಬಾಗಿಲಿನ ಸಂದಿಯಿಂದ ಬಂದ ನೀರು, ಹತ್ತಿ ಇಳಿಯುವವರ ಕಾಲಿನ ಕೆಸರು, ಎಲ್ಲಾ ಬಂದು ನಿಲ್ಲುವುದು ಸೀಟಿನ ಕಾಲುಗಳ ಸುತ್ತಲೇ. ಹಳೆ ಸ್ಕ್ರೂಡ್ರೈವರ್ ತೆಗೆದುಕೊಂಡು ಬೋಲ್ಟ್ ತೂತುಗಳ ಸುತ್ತ ಒಂದು ಗೇಣು ಜಾಗವನ್ನು ಕುಟ್ಟುತ್ತಾ ಹೋಗಿ. ಗಟ್ಟಿ ತಗಡು ಟಣ್ ಅನ್ನುತ್ತದೆ. ತುಕ್ಕು ತಿಂದ ಕಡೆ ಸದ್ದು ಮಂಕಾಗುತ್ತದೆ, ಪೇಂಟಿನ ಪದರ ಹಪ್ಪಳದಂತೆ ಏಳುತ್ತದೆ, ಒತ್ತಿದರೆ ಮೊನೆ ಒಳಗೆ ಹೋಗುತ್ತದೆ. ಅಂಥ ಜಾಗದ ಮೇಲೆ ಸುಮ್ನೆ ಒಂದು ತಗಡಿನ ತುಂಡು ಹೊದಿಸಿ ವೆಲ್ಡ್ ಮಾಡುವುದನ್ನು ಒಪ್ಪಬೇಡಿ. ಎರಡು ತಗಡಿನ ನಡುವೆ ನೀರು ನಿಂತು ಕೆಲವೇ ಮಳೆಗಾಲದಲ್ಲಿ ಎರಡೂ ಹೋಗುತ್ತವೆ. ಕೆಟ್ಟ ಭಾಗವನ್ನು ಒಳ್ಳೆ ತಗಡು ಸಿಗುವವರೆಗೆ ಕತ್ತರಿಸಿ ತೆಗೆಸಿ, 16 ಗೇಜ್ ತಗಡು ಕೂರಿಸಿ ಸುತ್ತಲೂ ವೆಲ್ಡ್ ಮಾಡಿಸಿ. ಆಮೇಲೆ ರೆಡ್ ಆಕ್ಸೈಡ್, ಜೋಡಣೆಗೆ ಸೀಲರ್, ಕೆಳಗೆ ಅಂಡರ್‌ಕೋಟ್. ನೀರು ಹೋಗುವ ತೂತುಗಳನ್ನು ಮುಚ್ಚಿಬಿಡಬೇಡಿ.

ಫ್ರೇಮ್ ಮತ್ತು ಬೋಲ್ಟ್

ಇದು ಇಡೀ ಕೆಲಸದ ಜೀವಾಳ.

ಸಣ್ಣ ಕಾರಿನ ಸೀಟ್ ಕೆಳಗೆ ಇಟ್ಟು ನೋಡಿದರೆ ಅದು ಸಮ ಕೂರುವುದೇ ಇಲ್ಲ. ಕಾರಿನಲ್ಲಿ ಒಂದು ಕಡೆಯ ಕಾಲು ಬಾಗಿಲ ಬಳಿಯ ಎತ್ತರದ ಅಂಚಿಗೆ, ಇನ್ನೊಂದು ನಡುವಿನ ದಿಬ್ಬಕ್ಕೆ ಕೂರುವಂತೆ ಮಾಡಿರುತ್ತಾರೆ. ಎತ್ತರ ಬೇರೆ ಬೇರೆ. ಜೀಪಿನ ಫ್ಲೋರ್ ಚಪ್ಪಟೆ. ಹಾಗಾಗಿ ನಡುವೆ ಒಂದು ಫ್ರೇಮ್ ಬೇಕೇ ಬೇಕು. ಕಾರ್ ಸೀಟ್ ತಗ್ಗು, ಜೀಪಿನ ಪೆಡಲ್ ಹತ್ತಿರ ಮತ್ತು ನೆಟ್ಟಗೆ. ಆ ಎತ್ತರವನ್ನೂ ಈ ಫ್ರೇಮೇ ತುಂಬಬೇಕು.

ಕಬ್ಬಿಣ ಕತ್ತರಿಸುವ ಮೊದಲು ಮರದ ತುಂಡುಗಳ ಮೇಲೆ ಸೀಟ್ ಇಟ್ಟು ಕೂತು ನೋಡಿ. ದಿನಾ ಓಡಿಸುವವರೇ ಕೂರಬೇಕು, ದಿನಾ ಹಾಕುವ ಚಪ್ಪಲಿ ಅಥವಾ ಬೂಟಿನಲ್ಲೇ. ಸೀಟಿನ ನಡು ಸ್ಟೀರಿಂಗಿನ ನಡುವಿಗೆ ನೇರ ಇರಲಿ. ಕ್ಲಚ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಿಸಿರಬೇಕು. ಬೆನ್ನು ಒರಗಿಸಿಕೊಂಡೇ ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗಿನ ಮೇಲಂಚಿಗೆ ಬರಬೇಕು. ಸ್ಟೀರಿಂಗ್ ಪೂರ್ತಿ ತಿರುಗಿಸಿ, ತೊಡೆಗೆ ಕೈ ತಾಗುತ್ತದೆಯೇ ನೋಡಿ. ಕುಶನ್ನಿನ ಮುಂದಿನ ಅಂಚು ಹಿಂದಿಗಿಂತ 2-3 ಸೆಂ.ಮೀ. ಎತ್ತರ ಇರಲಿ. ಘಾಟಿ ಇಳಿಯುವಾಗ ಮುಂದಕ್ಕೆ ಜಾರುವುದು ಇದರಿಂದ ನಿಲ್ಲುತ್ತದೆ. ಎಲ್ಲಾ ಸರಿ ಅನ್ನಿಸಿದ ಮೇಲೆ ಮರದ ತುಂಡುಗಳ ಎತ್ತರ ಬರೆದುಕೊಳ್ಳಿ. ಅದೇ ನಿಮ್ಮ ಫ್ರೇಮಿನ ಅಳತೆ.

ಫ್ರೇಮಿಗೆ 40 ಮಿ.ಮೀ. ಆಂಗಲ್ ಅಥವಾ ದಪ್ಪ ಗೋಡೆಯ ಚೌಕ ಪೈಪ್ ಬಳಸಬಹುದು. ಚೌಕ ಪೈಪ್ ಹಾಕುವುದಾದರೆ ಒಂದು ವಿಷಯ ವೆಲ್ಡರಿಗೆ ನೀವೇ ನಿಂತು ಹೇಳಬೇಕು. ಬೋಲ್ಟ್ ಪೈಪಿನೊಳಗೆ ಹಾದುಹೋಗುವ ಕಡೆ ಒಂದೊಂದು ಗಟ್ಟಿ ಬುಷ್, ಅಂದರೆ ಬೋಲ್ಟ್ ತೂರುವಷ್ಟು ದಪ್ಪ ಕೊಳವೆಯ ತುಂಡು, ಹಾಕಿ ವೆಲ್ಡ್ ಮಾಡಲಿ. ಬುಷ್ ಇಲ್ಲದಿದ್ದರೆ ಬೋಲ್ಟ್ ಬಿಗಿ ಮಾಡಿದಾಗ ಪೈಪ್ ಒಳಕ್ಕೆ ಚಪ್ಪಟೆಯಾಗುತ್ತದೆ. ಬಿಗಿಯಾಯಿತು ಅಂತ ಕೈಗೆ ಅನ್ನಿಸುತ್ತದೆ, ಆದರೆ ಮಣ್ಣುರಸ್ತೆಯ ಕುಲುಕಿಗೆ ಪೈಪ್ ಇನ್ನಷ್ಟು ಕುಸಿದು ಬೋಲ್ಟ್ ಸಡಿಲವಾಗುತ್ತದೆ. ಫ್ರೇಮಿನ ನಾಲ್ಕು ಕಾಲನ್ನೂ ಅಡ್ಡ ಪಟ್ಟಿಯಿಂದ ಕಟ್ಟಿಸಿ. ಎತ್ತರ ಜಾಸ್ತಿಯಾದಷ್ಟೂ ಪಕ್ಕಕ್ಕೆ ವಾಲುವ ಎಳೆತ ಜಾಸ್ತಿ. ಸ್ಲೈಡರ್ ಹಳಿಯನ್ನು ಮಾತ್ರ ಯಾವ ಕಾರಣಕ್ಕೂ ವೆಲ್ಡ್ ಮಾಡಿಸಬೇಡಿ. ಕಾವಿಗೆ ಹಳಿ ತಿರುಚುತ್ತದೆ, ಲಾಕ್ ಸರಿಯಾಗಿ ಬೀಳುವುದಿಲ್ಲ. ಸೀಟಿನಿಂದ ಫ್ರೇಮಿಗೆ ಬೋಲ್ಟ್, ಫ್ರೇಮಿನಿಂದ ಫ್ಲೋರಿಗೂ ಬೋಲ್ಟ್.

ಕೆಲವರು ಗಟ್ಟಿ ಆಗಲಿ ಅಂತ ಒಂದೆರಡು ಕಾಲನ್ನು ಚಾಸಿಗೇ ಕಟ್ಟಿಸುತ್ತಾರೆ. ಬೇಡ. ಬಾಡಿ ಚಾಸಿಯ ಮೇಲೆ ರಬ್ಬರ್ ಬುಷ್‌ಗಳಲ್ಲಿ ಕೂತಿದೆ. ಹೊಂಡದಲ್ಲಿ ಒಂದು ಚಕ್ರ ಇಳಿದಾಗ ಚಾಸಿ ಒಂದು ಕಡೆ ತಿರುಚಿದರೆ ಬಾಡಿ ಇನ್ನೊಂದು ಥರ ಅಲುಗುತ್ತದೆ. ಎರಡಕ್ಕೂ ಕಟ್ಟಿದ ಸೀಟ್ ತಗಡನ್ನು ಹರಿಯುತ್ತದೆ. ನಾಲ್ಕೂ ಕಾಲು ಬಾಡಿಯ ಮೇಲೇ ಇರಲಿ.

ಬರೀ ವಾಷರ್ ಹಾಕಿದರೆ ತೆಳು ಫ್ಲೋರ್ ತಡೆಯುವುದಿಲ್ಲ. ಗಾಡಿ ಎಲ್ಲಾದರೂ ಬಡಿದು ತಟ್ಟನೆ ನಿಂತರೆ, ಕೂತವರ ತೂಕದ 20 ಪಟ್ಟು ಎಳೆತ ಬರಬಹುದು. 70 ಕೆ.ಜಿ. ಮನುಷ್ಯನಿಗೆ ಅದು 1400 ಕೆ.ಜಿ. ಆ ಎಳೆತಕ್ಕೆ ವಾಷರ್ ಸಮೇತ ಬೋಲ್ಟ್ ತಗಡನ್ನು ಕಿತ್ತು ಮೇಲೆ ಬರುತ್ತದೆ. ಅದಕ್ಕೇ ಪ್ರತಿ ಬೋಲ್ಟಿಗೂ ಫ್ಲೋರಿನ ಕೆಳಗೆ ಕಬ್ಬಿಣದ ಪಟ್ಟಿ ಬೇಕು. ಅಂತರರಾಷ್ಟ್ರೀಯ ಮೋಟಾರ್ ಕ್ರೀಡೆಯ ಎಫ್‌ಐಎ ನಿಯಮದಲ್ಲಿ ಕಬ್ಬಿಣದ ಪಟ್ಟಿ ಕನಿಷ್ಠ 3 ಮಿ.ಮೀ. ದಪ್ಪ, ಒಂದೊಂದು ಜಾಗದಲ್ಲಿ 40 ಚದರ ಸೆಂ.ಮೀ. ತಾಗುವಷ್ಟು ದೊಡ್ಡದು, ಬೋಲ್ಟ್ ಕನಿಷ್ಠ 8 ಮಿ.ಮೀ. ಅಂತ ಇದೆ. ನಮ್ಮ ಜೀಪು ರ‍್ಯಾಲಿಗೆ ಹೋಗುವುದಿಲ್ಲ, ಆದರೂ ಅಳತೆಗೆ ಇದೊಂದು ಒಳ್ಳೆ ಆಧಾರ. 7 ಸೆಂ.ಮೀ.ಗೆ 6 ಸೆಂ.ಮೀ. ತುಂಡು ಮಾಡಿದರೆ ಈ ಲೆಕ್ಕ ದಾಟುತ್ತದೆ. ನನ್ನ ಕೇಳಿದರೆ ಜೀಪಿನ ಹಳೆ ತಗಡಿಗೆ ಮುಂದಿನ-ಹಿಂದಿನ ಬೋಲ್ಟ್ ಎರಡನ್ನೂ ಸೇರಿಸುವ ಉದ್ದ ಪಟ್ಟಿಯೇ ವಾಸಿ. ಪಟ್ಟಿಯ ಮೂಲೆಗಳನ್ನು ಗ್ರೈಂಡರಿನಲ್ಲಿ ಉರುಟು ಮಾಡಿಸಿ, ಇಲ್ಲದಿದ್ದರೆ ಚೂಪು ಮೂಲೆಯೇ ತಗಡನ್ನು ಕತ್ತರಿಸುತ್ತದೆ.

ಬೋಲ್ಟಿನ ತಲೆ ಮೇಲೆ 8.8 ಅಂತ ಕೆತ್ತಿರಬೇಕು, ಅದು ಬೋಲ್ಟಿನ ಗಟ್ಟಿತನದ ಗುರುತು. ಏನೂ ಬರೆಯದ ಬೋಲ್ಟ್ ಗೇಟಿಗೆ ಆಗುತ್ತದೆ, ಸೀಟಿಗೆ ಬೇಡ. ನಟ್ ನೈಲಾನ್ ಲಾಕ್ ಇರುವುದು. 8 ಮಿ.ಮೀ. ಬೋಲ್ಟಿಗೆ ಸುಮಾರು 25 ನ್ಯೂಟನ್ ಮೀಟರ್, 10 ಮಿ.ಮೀ.ಗೆ 45ರಿಂದ 50 ಬಿಗಿ ಸಾಕು. ಟಾರ್ಕ್ ರೆಂಚ್ ಇರುವ ಗ್ಯಾರೇಜಿನಲ್ಲಿ ಮಾಡಿಸಿ. ತೂತಿನ ಅಂಚಿಗೆ ಪೇಂಟ್ ಮುಟ್ಟಿಸಿ, ಬೋಲ್ಟ್ ಸುತ್ತ ಸೀಲರ್ ಹಚ್ಚಿ ಕೂರಿಸಿ.

ಬೆಲ್ಟ್

ಹಳೆ ಬೆಂಚಿಗೆ ಬೆಲ್ಟ್ ಇರಲೇ ಇಲ್ಲ, ಅಥವಾ ಸೊಂಟದ ಪಟ್ಟಿ ಮಾತ್ರ ಇತ್ತು ಅಂದರೆ ಈಗಲೇ ಸೊಂಟ, ಭುಜ ಎರಡನ್ನೂ ಹಿಡಿಯುವ ಮೂರು ಬಿಂದುವಿನ ಬೆಲ್ಟ್ ಹಾಕಿಸಿಬಿಡಿ. ಬಕೆಟ್ ಸೀಟ್ ಮೈಯನ್ನು ಪಕ್ಕಕ್ಕೆ ಜಾರದಂತೆ ಹಿಡಿಯುತ್ತದೆ, ಮುಂದಕ್ಕೆ ಹೋಗದಂತೆ ಹಿಡಿಯುವುದು ಬೆಲ್ಟ್ ಒಂದೇ.

ಇಲ್ಲಿ ಒಂದು ಸೂಕ್ಷ್ಮ ಇದೆ. ಈಚಿನ ಕಾರುಗಳಲ್ಲಿ ಬೆಲ್ಟಿನ ಬಕಲ್ ಸೀಟಿನ ಫ್ರೇಮಿಗೇ ಕೂತಿರುತ್ತದೆ. ಅಂಥ ಸೀಟ್ ತಂದರೆ, ಅಪಘಾತದ ಎಳೆತದ ದೊಡ್ಡ ಪಾಲು ಬಕಲ್ ಮೂಲಕ ನೀವು ಮಾಡಿಸಿದ ಫ್ರೇಮಿಗೇ ಬರುತ್ತದೆ. ಮೇಲೆ ಹೇಳಿದ ಪಟ್ಟಿ, ಬುಷ್, 8.8 ಬೋಲ್ಟ್ ಇವೆಲ್ಲಾ ಯಾಕೆ ಅನ್ನುವುದಕ್ಕೆ ಇದೇ ಉತ್ತರ. ಬಕಲ್ ಬೇರೆ ಇದ್ದರೆ ಅದನ್ನು ಫ್ಲೋರಿಗೆ ಪ್ರತ್ಯೇಕ ಪಟ್ಟಿ ಕೊಟ್ಟು ಕೂರಿಸಿ. ಸೀಟ್ ಬೆಲ್ಟಿನ ಬೋಲ್ಟ್ ಸಾಮಾನ್ಯವಾಗಿ 7/16 ಇಂಚು, ಇಂಚಿಗೆ 20 ಹಲ್ಲಿನ ಯುಎನ್‌ಎಫ್ (ಸಣ್ಣ ಹಲ್ಲಿನ ಇಂಚಿನ ಅಳತೆ). ಕೈಗೆ ಸಿಕ್ಕಿದ ಮಿ.ಮೀ. ಬೋಲ್ಟನ್ನು ಆ ನಟ್ಟಿಗೆ ತುರುಕಬೇಡಿ.

ಭುಜದ ಪಟ್ಟಿಗೆ ಮೇಲೆ ಗಟ್ಟಿ ಜಾಗ ಬೇಕು. ಕ್ಯಾನ್ವಾಸ್ ಹೊದಿಸುವ ತೆಳು ಪೈಪ್ ಈ ಕೆಲಸಕ್ಕೆ ಆಗುವುದೇ ಇಲ್ಲ. ಬಾಡಿಗೆ ಸರಿಯಾಗಿ ಕಟ್ಟಿದ ರೋಲ್ ಬಾರ್ (ಗಾಡಿ ಮಗುಚಿದರೂ ತಡೆಯುವ ದಪ್ಪ ಪೈಪಿನ ಕಮಾನು) ಇರಬೇಕು, ಪಟ್ಟಿ ಕಟ್ಟುವ ಬಿಂದು ಕೂತವರ ಭುಜಕ್ಕಿಂತ ಮೇಲಿರಬೇಕು. ಭುಜಕ್ಕಿಂತ ಕೆಳಗಿದ್ದರೆ ಅಪಘಾತದಲ್ಲಿ ಪಟ್ಟಿ ಬೆನ್ನುಮೂಳೆಯನ್ನು ಕೆಳಕ್ಕೆ ಅದುಮುತ್ತದೆ. ಬೆಲ್ಟ್ ಸುತ್ತಿಕೊಳ್ಳುವ ಸುರುಳಿ ಪೆಟ್ಟಿಗೆಯನ್ನು ಅದರ ತಯಾರಕರು ಹೇಳಿದ ಕೋನದಲ್ಲೇ ಕೂರಿಸಿ. ಓರೆಯಾದರೆ ಒಳಗಿನ ಲಾಕ್ ಸುಮ್ಮಸುಮ್ಮನೆ ಬಿದ್ದು ಪಟ್ಟಿ ಎಳೆಯಲು ಬರುವುದಿಲ್ಲ. ಸೊಂಟದ ಪಟ್ಟಿ ಹೊಟ್ಟೆಯ ಮೇಲೆ ಬಾರದೆ ಸೊಂಟದ ಮೂಳೆಯ ಮೇಲೆ ಕೂರಬೇಕು. ಬೆಲ್ಟ್ ಮಾತ್ರ ಹೊಸದೇ ತನ್ನಿ. ಒಮ್ಮೆ ಅಪಘಾತದಲ್ಲಿ ಎಳೆದ ಪಟ್ಟಿ ಮತ್ತೆ ಅಷ್ಟು ತಡೆಯುವುದಿಲ್ಲ, ನೋಡಿದರೆ ಗೊತ್ತೂ ಆಗುವುದಿಲ್ಲ.

ಮಳೆಗೆ ತಕ್ಕ ಹೊದಿಕೆ

ಬಟ್ಟೆ ಹೊದಿಕೆಯ ಸೀಟ್ ನಮ್ಮ ಜುಲೈ ತಿಂಗಳಲ್ಲಿ ಒಣಗುವುದೇ ಇಲ್ಲ. ಬೂಷ್ಟು ಹಿಡಿಯುತ್ತದೆ, ವಾಸನೆ ಹೋಗುವುದಿಲ್ಲ. ದಪ್ಪ ರೆಕ್ಸಿನ್ ಹಾಕಿಸಿ, ಕೂರುವ ಜಾಗದ ನಡುವೆ ಹೊಲಿಗೆ ಬಾರದಂತೆ ಕುಶನ್ ಅಂಗಡಿಯವರಿಗೆ ಹೇಳಿ. ನೀರು ಒಳಗೆ ಹೋಗುವುದು ಹೊಲಿಗೆಯ ತೂತಿನಿಂದಲೇ. ಫೋಮಿಗೆ ತೆಳು ಪ್ಲಾಸ್ಟಿಕ್ ಸುತ್ತಿಸಿ, ಹೊದಿಕೆಯ ಅಡಿಯಲ್ಲಿ ಒಂದೆರಡು ಹಿತ್ತಾಳೆ ಕಣ್ಣು ಹಾಕಿಸಿದರೆ ಹೋದ ನೀರು ಕೆಳಗೆ ಇಳಿಯುತ್ತದೆ.

ಮೊದಲ ಓಟ

ಜೋಡಿಸಿದ ದಿನವೇ ಘಾಟಿಗೆ ಹೋಗಬೇಡಿ. ನಿಂತ ಗಾಡಿಯಲ್ಲಿ ಕೂತು, ಎರಡೂ ಕಾಲಿನಿಂದ ಮುಂದಿನ ತಗಡನ್ನು ಒದ್ದು ಬೆನ್ನನ್ನು ಹಿಂದಕ್ಕೆ ಒತ್ತಿ. ಟಿಕ್ ಅನ್ನುವ ಸದ್ದು ಬಂದರೆ ಸ್ಲೈಡರ್ ಲಾಕ್ ಸರಿ ಬಿದ್ದಿಲ್ಲ. ಆಮೇಲೆ ಖಾಲಿ ಮಣ್ಣುರಸ್ತೆಯಲ್ಲಿ ನಿಧಾನಕ್ಕೆ ಓಡಿಸಿ, ಎರಡು ಮೂರು ಸಲ ಜೋರಾಗಿ ಬ್ರೇಕ್ ಹಾಕಿ. ಹಿಂದೆ ಅಡ್ಡ ಬೆಂಚಿನಲ್ಲಿ ಒಬ್ಬರನ್ನು ಕೂರಿಸಿ, ನಿಮ್ಮ ಒರಗು ಅವರ ಮೊಣಕಾಲಿಗೆ ತಾಗುತ್ತದೆಯೇ ಕೇಳಿ. ಸುಮಾರು 100 ಕಿ.ಮೀ. ಓಡಿದ ಮೇಲೆ ಎಲ್ಲಾ ಬೋಲ್ಟುಗಳ ಬಿಗಿ ಮತ್ತೆ ನೋಡಿ. ಹೊಸ ಪೇಂಟ್, ಸೀಲರ್ ಕುಸಿದು ಸ್ವಲ್ಪ ಸಡಿಲವಾಗಿಯೇ ಇರುತ್ತವೆ. ಅಲ್ಲಿಂದ ಮುಂದೆ ಎಂಜಿನ್ ಆಯಿಲ್ ಬದಲಿಸುವಾಗಲೆಲ್ಲಾ ಒಮ್ಮೆ ನೋಡಿದರೆ ಸಾಕು.

ಮಳೆಗಾಲದಲ್ಲಿ ಸ್ಲೈಡರ್ ಹಳಿಗೆ ಕೆಸರು ತುಂಬುತ್ತದೆ. ಹಳೆ ಹಲ್ಲುಜ್ಜುವ ಬ್ರಷ್‌ನಿಂದ ತೆಗೆದು, ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಗ್ರೀಸ್ ಹಚ್ಚಿದರೆ ಮಣ್ಣು ಇನ್ನಷ್ಟು ಹಿಡಿಯುತ್ತದೆ. ಬಿಚ್ಚಿದ ಹಳೆ ಬೆಂಚನ್ನು ಗುಜರಿಗೆ ಹಾಕಬೇಡಿ. ಬೋಲ್ಟುಗಳನ್ನು ಚೀಲದಲ್ಲಿ ಕಟ್ಟಿ ಅದರ ಜೊತೆಗೇ ಅಟ್ಟಕ್ಕೆ ಹಾಕಿ. ನಾಳೆ ಜೀಪು ಕೊಳ್ಳುವವರು ಕಂಪನಿಯ ಸೀಟೇ ಬೇಕು ಅಂದರೆ ಅದಕ್ಕೆ ಬೆಲೆ ಬರುತ್ತದೆ.